ಉಚಿತವಾಗಿ ಕೊಟ್ಟ ತಂತ್ರಾಂಶಕ್ಕೆ ಬಳಕೆದಾರರ ಹತ್ತಿರ ದುಡ್ಡು ಕೇಳಬಹುದಾ? ಹೇಗೆ ಕೇಳಲಿ?

ಕೋಡ್_ಕೊಟ್ಟಿಗೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಒಂದು ಸಣ್ಣ ತಂತ್ರಾಂಶ ನಡೆಸುತ್ತಿದ್ದೇನೆ. ನುಡಿ, ಬರಹದಲ್ಲಿ ಟೈಪ್ ಮಾಡಿದ ಆಯಾ ಫಾಂಟ್ ಇದ್ದರೆ ಮಾತ್ರ ಓದಲು ಬರುವ ಹಳೆಯ ಆಸ್ಕಿ ಫೈಲುಗಳನ್ನು ಎಲ್ಲ ಕಡೆ ಓದಲು ಬರುವ ಯುನಿಕೋಡ್‌ಗೆ ತಿರುಗಿಸುವುದು ಅದರ ಕೆಲಸ. ವೆಬ್‌ಸೈಟ್ ಇದೆ, ಕಂಪ್ಯೂಟರಿಗೆ ಹಾಕಿಕೊಳ್ಳುವ ಆವೃತ್ತಿ ಇದೆ, ಆಂಡ್ರಾಯ್ಡ್ ಆಪ್ ಕೂಡ ಇದೆ. ಕೋಡ್ ಪೂರ್ತಿ ಮುಕ್ತ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಡಿಟಿಪಿ ಅಂಗಡಿಯವರು, ಪತ್ರಿಕೆಗಳಿಗೆ ಬರೆಯುವವರು, ಮೇಷ್ಟ್ರುಗಳು, ಪಂಚಾಯಿತಿ ಕಚೇರಿಯವರು ಬಳಸುತ್ತಾರೆ.

ಸರ್ವರ್ ಬಾಡಿಗೆ ತಿಂಗಳಿಗೆ 1,400 ರೂಪಾಯಿ. ಡೊಮೇನ್ ಸೇರಿದರೆ ವರ್ಷಕ್ಕೆ 18,000. ಇಷ್ಟು ದಿನ ಕೈಯಿಂದಲೇ ಹಾಕಿದ್ದೇನೆ. ದುಡ್ಡಿಗಿಂತ ಕಷ್ಟ ಆಗಿರುವುದು ಸಮಯ. ಮನೆಯಲ್ಲಿ ಈಗ ಪುಟ್ಟ ಮಗು ಇದೆ. ಭಾನುವಾರ ಪೂರ್ತಿ "ನನ್ನ ಫೈಲಿನಲ್ಲಿ ಒತ್ತಕ್ಷರ ಒಡೆದು ಹೋಗಿದೆ" ಅನ್ನುವ ಮೇಲ್‌ಗಳಿಗೆ ಉತ್ತರ ಕೊಡುವುದರಲ್ಲೇ ಹೋಗುತ್ತದೆ.

ಕಳೆದ ತಿಂಗಳು ವೆಬ್‌ಸೈಟಿನ ಕೊನೆಯಲ್ಲಿ ಒಂದು ಸಾಲು ಹಾಕಿದೆ. "ಉಪಯೋಗ ಆಗಿದ್ದರೆ ಕೈಲಾದಷ್ಟು ಕೊಡಿ" ಅಂತ. ಪಕ್ಕದಲ್ಲಿ ಯುಪಿಐ ಕ್ಯೂಆರ್. ತಿಂಗಳಿಗೆ ಏಳು ಜನರಿಂದ 640 ರೂಪಾಯಿ ಬಂತು. ಜೊತೆಗೆ ಎರಡು ಮೇಲ್ ಬಂದವು. ಒಂದರಲ್ಲಿ "ಕನ್ನಡದ ಹೆಸರಲ್ಲಿ ದುಡ್ಡು ಮಾಡಲು ಹೊರಟಿದ್ದೀರಾ?" ಅಂತ ಇತ್ತು. ಅದನ್ನು ಓದಿ ಎರಡು ದಿನ ಕಂಪ್ಯೂಟರ್ ತೆರೆಯಲು ಮನಸ್ಸಾಗಲಿಲ್ಲ.

ಕೇಳುವುದು ತಪ್ಪಾ? ತಪ್ಪಲ್ಲ ಅಂದರೆ, ಯಾರಿಗೂ ಕಿರಿಕಿರಿ ಆಗದ ಹಾಗೆ ಹೇಗೆ ಕೇಳಲಿ?

ಮಲೆನಾಡ_ಮಳೆ

ಕೇಳಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಗಣಪತಿ ಕೂರಿಸಲು ಓಣಿಯ ಹುಡುಗರು ಚಂದಾ ಎತ್ತಲು ಬಂದರೆ ಕೊಡುತ್ತೇವೆ ಅಲ್ವಾ?

ಗಿರಾಕಿ_ಗಿರಿನಗರ

ನಾನು ಒಪ್ಪುವುದಿಲ್ಲ. ಮೊದಲು ಉಚಿತ ಅಂತ ಹೇಳಿ ಜನರಿಗೆ ಅಭ್ಯಾಸ ಮಾಡಿಸಿ, ಆಮೇಲೆ ಕೈ ಚಾಚುವುದು ಸರಿಯಲ್ಲ. ಭಾಷೆಯ ಕೆಲಸ ಅಂದರೆ ಸೇವೆ. ಆಗುವುದಿಲ್ಲ ಅಂದರೆ ನಿಲ್ಲಿಸಿ, ಇನ್ನೊಬ್ಬರು ಮಾಡುತ್ತಾರೆ. ಅಥವಾ ಸರ್ಕಾರ ಮಾಡಲಿ, ಅದಕ್ಕೇ ತೆರಿಗೆ ಕಟ್ಟುತ್ತೇವೆ.

ಅಚ್ಚುಮೊಳೆ

ಗಿರಿನಗರದ ಸರ್, ಆ ಇನ್ನೊಬ್ಬರು ಎಲ್ಲಿದ್ದಾರೆ ಹೇಳಿ, ಹೋಗಿ ಕಾಲು ಮುಟ್ಟಿ ಬರುತ್ತೇನೆ.

ಗದಗದಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಈ ತಂತ್ರಾಂಶ ದಿನಾ ತೆರೆದೇ ಇರುತ್ತದೆ. ಹಳೆಯ ಪೇಜ್‌ಮೇಕರ್ ಫೈಲುಗಳನ್ನು ಯುನಿಕೋಡ್ ಮಾಡಿ ಕೊಟ್ಟರೆ ಪುಟಕ್ಕೆ 10 ರೂಪಾಯಿ ತಗೊಳ್ಳುತ್ತೇನೆ. ಹೋದ ವರ್ಷ ಒಂದು ಮಠದ ಸ್ಮರಣ ಸಂಚಿಕೆ ಬಂದಿತ್ತು, 400 ಪುಟ. ಲೆಕ್ಕ ನೀವೇ ಹಾಕಿ. ಅದರಲ್ಲಿ ಇದನ್ನು ಬರೆದವರಿಗೆ ಒಂದು ರೂಪಾಯಿ ಕೊಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಕೊಡಬಾರದು ಅಂತಲ್ಲ. ನೀವು ಹೇಳಿದ ಆ ಸಾಲು ನನಗೆ ಇವತ್ತಿನವರೆಗೂ ಕಂಡೇ ಇಲ್ಲ. ಈಗ ಹೋಗಿ ಹುಡುಕಿದೆ. ಪುಟದ ತೀರಾ ಕೆಳಗೆ, ಬೂದು ಬಣ್ಣದಲ್ಲಿ ಇದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ ಅಣ್ಣ. ಫೈಲ್ ಹಾಕ್ತೀವಿ, ಡೌನ್‌ಲೋಡ್ ಒತ್ತುತೀವಿ, ಮುಗೀತು.

ನೀಲಿ_ಪರದೆ

ಇಲ್ಲಿ ಪದದ ಗೊಂದಲ ಇದೆ. ಇಂಗ್ಲಿಷಿನಲ್ಲಿ ಎರಡಕ್ಕೂ "ಫ್ರೀ" ಒಂದೇ. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ಇವರು ಕೊಟ್ಟಿರುವುದು ಮುಕ್ತ ತಂತ್ರಾಂಶ. ಅದನ್ನು ಮಾರುವುದಕ್ಕೂ ಜಿಪಿಎಲ್ ಅನ್ನುವ ಮುಕ್ತ ತಂತ್ರಾಂಶದ ಲೈಸೆನ್ಸ್ ಅಡ್ಡಿ ಮಾಡುವುದಿಲ್ಲ.

ಮಾರುವವರು ಇದ್ದಾರೆ ಕೂಡ. ಚಿತ್ರ ಬಿಡಿಸುವ ಕ್ರಿಟಾ ಅದರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದನ್ನೇ ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದುಡ್ಡಿಗೆ ಇಟ್ಟಿದ್ದಾರೆ. ಬೆಂಬಲ ಕೊಡಬೇಕು ಅನ್ನಿಸಿದವರು ಅಲ್ಲಿ ಕೊಳ್ಳುತ್ತಾರೆ. ಧ್ವನಿ ಮುದ್ರಣದ ಆರ್ಡರ್ ಅಂತ ಇನ್ನೊಂದಿದೆ. ಅದರ ಕೋಡ್ ಎಲ್ಲರಿಗೂ ಮುಕ್ತ, ಆದರೆ ಸಿದ್ಧ ಮಾಡಿಟ್ಟ ಪ್ರತಿ ಬೇಕು ಅಂದರೆ ಹಣ ಕೊಡಬೇಕು. ಇವರು ಬರೀ "ಕೊಡುತ್ತೀರಾ" ಅಂತ ಕೇಳಿದ್ದಾರೆ. ಅಷ್ಟಕ್ಕೇ ಸಿಟ್ಟು ಯಾಕೆ?

ಕೆರೆ_ಏರಿ

ಚಂದಾ ಅಂದಿದ್ದು ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಗಣಪತಿ ಹಬ್ಬ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ತಂತ್ರಾಂಶ ಹಾಗಲ್ಲ, ಅದು ಕೆರೆ ಇದ್ದ ಹಾಗೆ.

ನಮ್ಮದು ಕೋಲಾರದ ಕಡೆ. ಊರಿನ ಕೆರೆಗೆ ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಜೋರು ಮಳೆ ಬಂದ ರಾತ್ರಿ ಏರಿಯ ಮೇಲೆ ಕಂದೀಲು ಹಿಡಿದು ಓಡಾಡುವುದು. ಅವರಿಗೆ ತಿಂಗಳ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಪ್ರತಿ ಮನೆಯವರೂ ಇಷ್ಟು ಸೇರು ಅಂತ ಆಯ ಅಳೆದು ಕೊಡುತ್ತಿದ್ದರು. ಅದನ್ನು ಯಾರೂ ದಾನ ಅಂತ ಕರೆಯುತ್ತಿರಲಿಲ್ಲ. ಬೆಳೆ ಬಂದಿದೆ, ನೀರು ಬಿಟ್ಟವರ ಪಾಲು ಅವರಿಗೆ. ನಮ್ಮ ತಾತ ಆಯ ಅಳೆದ ಮೇಲೇ ಮನೆಗೆ ಮೂಟೆ ಹೊರಿಸುತ್ತಿದ್ದರು.

ಅಚ್ಚುಮೊಳೆಯವರ 400 ಪುಟದ ಬೆಳೆ ಬಂದಿದೆ. ಈಗ ಕಣದಲ್ಲಿ ಅಳೆಯುವ ಹೊತ್ತು.

ಅಚ್ಚುಮೊಳೆ

ಮಾತು ಸರಿ ಇದೆ. ಅಳೆಯುತ್ತೇನೆ.

ಓದುಗಿತ್ತಿ

ಕೆರೆ_ಏರಿಯವರೇ, ಹೋಲಿಕೆ ಚೆನ್ನಾಗಿದೆ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ನೀರುಗಂಟಿ ಕೆಲಸ ಎಷ್ಟೋ ಊರುಗಳಲ್ಲಿ ದಲಿತ ಕುಟುಂಬಗಳ ಮೇಲೆ ಹೊರಿಸಿದ್ದು. ಆಯ ಕಡಿಮೆ ಅಳೆದರೂ ಬಾಯಿ ಬಿಡುವ ಹಾಗಿರಲಿಲ್ಲ, ಕೆಲಸ ಬಿಡುವ ಹಾಗೂ ಇರಲಿಲ್ಲ. ಮನೆ ಮನೆಗೆ ಹೋಗಿ ನಿಂತು ತರಬೇಕಿತ್ತು. ನಮ್ಮ ಅಜ್ಜಿ ಹೇಳುತ್ತಿದ್ದುದು ಈ ಕಡೆಯ ಕಥೆ.

ಹಾಗಾಗಿ ನನ್ನ ಪ್ರಶ್ನೆ ಬೇರೆ. ಕೊಟ್ಟರೂ ಕೊಡದಿದ್ದರೂ ಕೆಲಸ ಮಾಡಲೇಬೇಕು ಅನ್ನುವ ಒತ್ತಡ ಈ ತಂತ್ರಾಂಶ ಬರೆಯುವವರ ಮೇಲೆ ಯಾಕಿದೆ? ಮೂಲ ಬರಹದಲ್ಲಿ ನನಗೆ ಕಂಡಿದ್ದು ಅದು. ದುಡ್ಡು ಕೇಳುವ ಜೊತೆಗೆ "ಭಾನುವಾರ ಉತ್ತರ ಕೊಡುವುದಿಲ್ಲ" ಅಂತ ಹೇಳುವುದನ್ನೂ ಕಲಿಯಿರಿ.

ಕೆರೆ_ಏರಿ

ಓದುಗಿತ್ತಿ ಮೇಡಂ, ನೀವು ಹೇಳಿದ್ದು ನಿಜ. ನಾನು ಕಣದ ಈ ಕಡೆ ನಿಂತು ನೋಡಿದವನು, ಆ ಕಡೆಯದ್ದನ್ನು ಹೇಳಲಿಲ್ಲ. ಆಯ ಹಕ್ಕಾಗಿರಬೇಕು, ಇಲ್ಲ ಅನ್ನುವ ಹಕ್ಕೂ ಇರಬೇಕು.

ಬೆಂಕಿಗೋಡೆ

ಕೊಡದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆಗಳು ಇವೆ. ನಾನು ಸೆಕ್ಯುರಿಟಿ ಕೆಲಸದಲ್ಲಿ ಇರುವವನು, ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಏಪ್ರಿಲ್ 2014ರಲ್ಲಿ ಹಾರ್ಟ್‌ಬ್ಲೀಡ್ ಅಂತ ಒಂದು ದೋಷ ಹೊರಬಂತು. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್‌ನಲ್ಲಿ. ಬ್ಯಾಂಕು, ಅಂಗಡಿ, ಇಮೇಲ್ ಅಂತ ಜಗತ್ತಿನ ದೊಡ್ಡ ಪಾಲು ವೆಬ್‌ಸೈಟುಗಳ ಬೀಗ ಅದು. ಆ ಬೀಗ ಮಾಡುವ ತಂಡಕ್ಕೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ತಿ ಸಮಯ ಕೆಲಸ ಮಾಡುತ್ತಿದ್ದವರು ಒಬ್ಬರೇ. ಹಾಳಾದ ಮೇಲೆ ದೊಡ್ಡ ಕಂಪನಿಗಳು ಎಚ್ಚೆತ್ತವು, ಲಿನಕ್ಸ್ ಫೌಂಡೇಷನ್ ಮೂಲಕ ಹಣ ಒಟ್ಟು ಮಾಡಿದವು.

ಹತ್ತು ವರ್ಷ ಆದ ಮೇಲೆ, ಮಾರ್ಚ್ 2024ರಲ್ಲಿ, ಎಕ್ಸ್‌ಝಡ್ ಪ್ರಕರಣ. ಫೈಲ್ ಕುಗ್ಗಿಸುವ ಒಂದು ಸಣ್ಣ ತಂತ್ರಾಂಶ, ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು, ಆರೋಗ್ಯ ಸರಿ ಇರಲಿಲ್ಲ. "ಯಾಕೆ ತಡ, ಬೇರೆಯವರಿಗೆ ಬಿಟ್ಟುಕೊಡಿ" ಅಂತ ಮೇಲ್ ಮೇಲೆ ಮೇಲ್ ಬಂದವು. ಸಹಾಯಕ್ಕೆ ಅಂತ ಬಂದವನೊಬ್ಬ ಎರಡು ವರ್ಷ ನಂಬಿಕೆ ಗಳಿಸಿ ಕೊನೆಗೆ ಕಳ್ಳಗಿಂಡಿ ತೂರಿಸಿದ. ಮೈಕ್ರೋಸಾಫ್ಟಿನ ಒಬ್ಬ ಎಂಜಿನಿಯರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆ ಅಂತ ಅನುಮಾನ ಬಂದು ಅದು ಸಿಕ್ಕಿಬಿತ್ತು.

"ನಿಲ್ಲಿಸಿ, ಇನ್ನೊಬ್ಬರು ಮಾಡುತ್ತಾರೆ" ಅಂತ ಸುಲಭವಾಗಿ ಹೇಳಬೇಡಿ ಗಿರಿನಗರದವರೇ. ಎಕ್ಸ್‌ಝಡ್‌ನಲ್ಲಿ ಬಂದ ಇನ್ನೊಬ್ಬ ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಗಿರಾಕಿ_ಗಿರಿನಗರ

ಅದು ಜಗತ್ತಿನ ಬ್ಯಾಂಕುಗಳ ವಿಷಯ. ಫಾಂಟ್ ತಿರುಗಿಸುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ. ನನ್ನ ಮಾತು ಇಷ್ಟೇ. ಇದನ್ನು ಬಳಸುವವರಲ್ಲಿ ಮೇಷ್ಟ್ರುಗಳಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಒಂದು ಸಲ ದುಡ್ಡಿನ ಪೆಟ್ಟಿಗೆ ಕಣ್ಣೆದುರು ಇಟ್ಟರೆ, ಕೊಡಲು ಆಗದವರಿಗೆ ಮುಜುಗರ ಆಗುತ್ತದೆ. ಅವರು ಬಳಸುವುದನ್ನೇ ಬಿಡುತ್ತಾರೆ. ಆಗ ಮತ್ತೆ ಹಳೆಯ ಆಸ್ಕಿ.

ಕೋಡ್_ಕೊಟ್ಟಿಗೆ

ಗಿರಿನಗರದ ಸರ್, ನನ್ನ ಭಯವೂ ಇದೇ. ಅದಕ್ಕೇ ಬೂದು ಬಣ್ಣದಲ್ಲಿ ಕೆಳಗೆ ಹಾಕಿದ್ದು.

ಅಂಚೆಪೆಟ್ಟಿಗೆ

ಈ ಭಯಕ್ಕೆ ಥಂಡರ್‌ಬರ್ಡ್ ಉತ್ತರ ಕೊಡುತ್ತದೆ. ಇಮೇಲ್ ಓದುವ ತಂತ್ರಾಂಶ ಅದು, ನಾನು ಹದಿನೈದು ವರ್ಷದಿಂದ ಬಳಸುತ್ತಿದ್ದೇನೆ. 2012ರಲ್ಲಿ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಅದಕ್ಕೆ ಹೊಸ ಸೌಲಭ್ಯ ಸೇರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿತು. ಸತ್ತೇ ಹೋಯಿತು ಅಂದುಕೊಂಡಿದ್ದೆವು. ಆಮೇಲೆ ಬಳಕೆದಾರರ ದೇಣಿಗೆಯ ಮೇಲೇ ನಿಂತಿತು. 2022ರ ಕೊನೆಯಲ್ಲಿ ತಂತ್ರಾಂಶದ ಒಳಗೇ ಒಂದು ಪುಟ ತೆರೆದು ನೇರವಾಗಿ ಕೇಳಿದರು. ನಾವು ಯಾರು, ದುಡ್ಡು ಎಲ್ಲಿಗೆ ಹೋಗುತ್ತದೆ, ಮುಂದೆ ಏನು ಮಾಡುತ್ತೇವೆ. 2023ರಲ್ಲಿ ಬಂದ ಮೊತ್ತ ಸುಮಾರು 86 ಲಕ್ಷ ಡಾಲರ್. ಕೊಟ್ಟವರು ಮೂರು ಲಕ್ಷಕ್ಕೂ ಜಾಸ್ತಿ ಜನ, ಹೆಚ್ಚಿನವರು ಚಿಕ್ಕ ಚಿಕ್ಕ ಮೊತ್ತ ಕೊಟ್ಟವರೇ. ಬಳಸುವವರು ಸುಮಾರು ಎರಡು ಕೋಟಿ. ಅಂದರೆ ನೂರಕ್ಕೆ ಒಬ್ಬಿಬ್ಬರು ಕೊಟ್ಟರು, ಉಳಿದವರು ಪುಟ ಮುಚ್ಚಿ ಮೇಲ್ ಓದಿದರು. ಯಾರೂ ಓಡಿಹೋಗಲಿಲ್ಲ.

ನಿಮಗೂ ಅಷ್ಟೇ ಸಾಕು. ವರ್ಷಕ್ಕೆ 360 ಜನ 50 ರೂಪಾಯಿ ಕೊಟ್ಟರೆ 18,000 ಆಯಿತು.

ಪೆಂಗ್ವಿನ್_ಪುತ್ತೂರು

ಲಿನಕ್ಸ್ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರು ಮಾಡಿದ್ದು ನನಗೆ ಇನ್ನೂ ಇಷ್ಟ ಆಯಿತು ಮಾರಾಯ್ರೆ. 2024ರ ಅಕ್ಟೋಬರಿನಲ್ಲಿ ಬಂದ ಅವರ ಡೆಸ್ಕ್‌ಟಾಪ್ ಪ್ಲಾಸ್ಮಾ 6.2ರಲ್ಲಿ ಒಂದು ಸೂಚನೆ ಸೇರಿಸಿದರು. ವರ್ಷಕ್ಕೆ ಒಂದೇ ಸಲ, ಡಿಸೆಂಬರಿನಲ್ಲಿ, ಪರದೆಯ ಮೂಲೆಯಲ್ಲಿ ದೇಣಿಗೆ ಕೇಳುತ್ತದೆ. ಬೇಡ ಅಂದರೆ ಅದನ್ನು ಶಾಶ್ವತವಾಗಿ ಆಫ್ ಮಾಡಬಹುದು. ಮೊದಲು ಕೆಲವರು ಗಲಾಟೆ ಮಾಡಿದರು, ಇದೂ ವಿಂಡೋಸ್ ತರಹ ಆಯಿತು ಅಂತ. ಡಿಸೆಂಬರ್ ಬಂದಾಗ ದೇಣಿಗೆ ಜೋರಾಗಿಯೇ ಬಂತು.

ವರ್ಷಕ್ಕೆ ಒಂದು ಸಲ. ದಿನಾ ಅಲ್ಲ. ಇದು ಮುಖ್ಯ.

ಟರ್ಮಿನಲ್_ತಿಮ್ಮ

ಹೇಗೆ ಕೇಳಬಾರದು ಅನ್ನುವುದನ್ನೂ ಬರೆದುಕೊಳ್ಳಿ. 2019ರಲ್ಲಿ ಜಾವಾಸ್ಕ್ರಿಪ್ಟಿನ ಸ್ಟ್ಯಾಂಡರ್ಡ್ ಅನ್ನುವ ಪ್ಯಾಕೇಜು ಇನ್‌ಸ್ಟಾಲ್ ಮಾಡುವಾಗ ಟರ್ಮಿನಲ್‌ನಲ್ಲಿ (ಕೋಡ್ ಬರೆಯುವವರು ಆಜ್ಞೆ ಟೈಪ್ ಮಾಡುವ ಕಿಟಕಿ) ಕಂಪನಿಗಳ ಜಾಹೀರಾತು ಬರುವ ಹಾಗೆ ಮಾಡಿದ್ದರು. ಜನ ಎದ್ದು ಕೂತರು, ಕೆಲವೇ ದಿನದಲ್ಲಿ ತೆಗೆದರು. ಕೋರ್‌ಜೆಎಸ್ ಅನ್ನುವ ಇನ್ನೊಂದು ಪ್ಯಾಕೇಜು ಬರೆದವರು ಇನ್‌ಸ್ಟಾಲ್ ಆದ ಮೇಲೆ "ಸಹಾಯ ಮಾಡಿ, ಕೆಲಸವನ್ನೂ ಹುಡುಕುತ್ತಿದ್ದೇನೆ" ಅಂತ ಸಂದೇಶ ಹಾಕಿದ್ದರು. ಅವರಿಗೆ ಬಂದ ಬೈಗುಳ ನೋಡಿ ನನಗೆ ಹೊಟ್ಟೆ ಉರಿದಿತ್ತು. ದೊಡ್ಡ ದೊಡ್ಡ ವೆಬ್‌ಸೈಟುಗಳು ಅವರ ಕೋಡ್ ಮೇಲೆ ನಿಂತಿವೆ. ಆದರೂ ಒಂದು ಪಾಠ ಇದೆ. ಕೆಲಸದ ಮಧ್ಯೆ ಅಡ್ಡ ಬಂದು ಕೇಳಿದರೆ ಸಿಟ್ಟು ಬರುತ್ತದೆ. ಕೆಲಸ ಮುಗಿದು, ಫೈಲ್ ಕೈಗೆ ಬಂದ ಮೇಲೆ ಕೇಳಿದರೆ ಮನಸ್ಸು ತೆರೆದಿರುತ್ತದೆ.

ಅಚ್ಚುಮೊಳೆ

ಡೌನ್‌ಲೋಡ್ ಬಟನ್ ಪಕ್ಕ ಹಾಕಿ. ಬೂದು ಬಣ್ಣ ಬೇಡ.

ಆಪ್_ಅಂಗಳ

ಒಂದು ಎಚ್ಚರಿಕೆ! ಆಂಡ್ರಾಯ್ಡ್ ಆಪ್ ಇದೆ ಅಂದಿರಿ. ಪ್ಲೇ ಸ್ಟೋರಿನಲ್ಲಿ ಇದ್ದರೆ ಅದರೊಳಗೆ ಯುಪಿಐ ಕ್ಯೂಆರ್ ಹಾಕುವ ಮೊದಲು ಅವರ ಪಾವತಿ ನಿಯಮ ಓದಿ. 2019ರ ಅಕ್ಟೋಬರಿನಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಆಪ್‌ನಲ್ಲಿ ದೇಣಿಗೆಯ ಕೊಂಡಿ ಇತ್ತು ಅನ್ನುವ ಕಾರಣಕ್ಕೇ ಸ್ಟೋರಿನಿಂದ ತೆಗೆದಿದ್ದರು. ಕೊಂಡಿ ಕಿತ್ತ ಮೇಲೆ ವಾಪಸ್ ಬಂತು. ನೀವು ವೆಬ್‌ಸೈಟಿನಲ್ಲಿ ಮಾತ್ರ ಕೇಳಿ. ಮುಕ್ತ ಆಪ್‌ಗಳ ಸ್ಟೋರ್ ಎಫ್‌ಡ್ರಾಯ್ಡ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಆಪ್‌ನ ಪುಟದಲ್ಲೇ ದೇಣಿಗೆಯ ಕೊಂಡಿ ಕೊಡಲು ಜಾಗ ಇದೆ.

ಕೋಡ್_ಕೊಟ್ಟಿಗೆ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಮುಂದಿನ ವಾರ ಆಪ್‌ನಲ್ಲೂ ಹಾಕುವವನಿದ್ದೆ. ತುಂಬಾ ಥ್ಯಾಂಕ್ಸ್.

ರೈನ್_ತೀರದ_ಕನ್ನಡಿಗ

ನಾನು ಜರ್ಮನಿಯಲ್ಲಿ ಇದ್ದೇನೆ. ಅಪ್ಪನ ಹಳೆಯ ಕಥೆಗಳನ್ನೆಲ್ಲ ನಿಮ್ಮ ತಂತ್ರಾಂಶದಿಂದಲೇ ಯುನಿಕೋಡ್ ಮಾಡಿಕೊಂಡೆ. ಅವರು 1990ರ ದಶಕದ ಕೊನೆಯಲ್ಲಿ ಟೈಪ್ ಮಾಡಿಸಿಟ್ಟಿದ್ದು, ಅವರು ಹೋದ ಮೇಲೆ ಫ್ಲಾಪಿಯಿಂದ ತೆಗೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಪರದೆಯ ಮೇಲೆ ಅದು ಕನ್ನಡವಾಗಿ ಮೂಡಿದ ದಿನ ನಾನು, ಅಕ್ಕ ಇಬ್ಬರೂ ಫೋನಿನಲ್ಲಿ ಅತ್ತಿದ್ದೆವು. ದುಡ್ಡು ಕಳಿಸಬೇಕು ಅಂತ ಆಗಲೇ ಅನ್ನಿಸಿತ್ತು. ಆದರೆ ನನ್ನ ಹತ್ತಿರ ಇಲ್ಲಿನ ಕಾರ್ಡ್ ಮಾತ್ರ ಇದೆ, ಯುಪಿಐ ಇಲ್ಲ. ಹೊರಗಿನಿಂದ ಕೊಡಲು ದಾರಿ ಮಾಡಿ.

ಲೆಕ್ಕದ_ಪುಸ್ತಕ

ನಾನು ಸಿಎ. ಇಲ್ಲಿ ಸ್ವಲ್ಪ ನಿಧಾನ.

ಒಂದು, ವಿದೇಶದಿಂದ ದೇಣಿಗೆ ಅಂತ ತಗೊಂಡರೆ ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾನೂನಿನ ಪ್ರಶ್ನೆ ಬರುತ್ತದೆ. ಕೆಲಸಕ್ಕೆ ಸಂಭಾವನೆ ಅಂತ ಬಿಲ್ ಮಾಡಿ ತಗೊಂಡರೆ ಅದು ಬೇರೆ ವಿಷಯ. ಸುಮ್ನೆ ಒಂದು ಕೊಂಡಿ ತೆರೆದಿಡಬೇಡಿ, ನಿಮ್ಮ ಊರಿನ ಸಿಎ ಹತ್ತಿರ ಕೂತು ಮಾತಾಡಿ. ಇನ್ನೊಂದು, ಇಲ್ಲಿನವರು ಕೊಡುವ ದುಡ್ಡಿಗೂ ಲೆಕ್ಕ ಇಡಿ. ಸಂಬಂಧಿಕರಲ್ಲದವರಿಂದ ಬಂದ ಉಡುಗೊರೆ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತಕ್ಕೂ ತೆರಿಗೆ ಬೀಳುತ್ತದೆ, ದಾಟಿದಷ್ಟಕ್ಕೆ ಮಾತ್ರ ಅಲ್ಲ. ಇದನ್ನು ಉಡುಗೊರೆ ಅನ್ನಬೇಕೋ ವೃತ್ತಿಯ ಆದಾಯ ಅನ್ನಬೇಕೋ ಅನ್ನುವುದೂ ಚರ್ಚೆಯ ವಿಷಯವೇ. ಬೇರೆ ಬ್ಯಾಂಕ್ ಖಾತೆ ತೆರೆದು ಇದನ್ನು ಅದರಲ್ಲೇ ಇಡಿ.

ಕೊಟ್ಟವರಿಗೆ ದೇಣಿಗೆಯ ಮೇಲಿನ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಿ.

ನೀಲಿ_ಪರದೆ

ಉಲ್ಟಾ ದಿಕ್ಕಿನಲ್ಲೂ ಕಷ್ಟ ಇದೆ. ನಾನು ಒಂದು ವಿದೇಶಿ ಪ್ರಾಜೆಕ್ಟಿಗೆ ತಿಂಗಳಿಗೆ 3 ಡಾಲರ್ ಕೊಡುತ್ತಿದ್ದೆ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತಲ್ಲ, ಕಾರ್ಡಿನಿಂದ ತಾನಾಗಿ ತಿಂಗಳು ತಿಂಗಳು ಕಟ್ ಆಗುವುದಕ್ಕೆ? ಅಲ್ಲಿಂದ ನಿಂತುಹೋಯಿತು. ನನಗೆ ಗೊತ್ತಾಗಿದ್ದು ಏಳು ತಿಂಗಳ ಮೇಲೆ.

ಮಲೆನಾಡ_ಮಳೆ

ವಿಷಯ ಬಿಟ್ಟು ಒಂದು ಪ್ರಶ್ನೆ. ಅಲರ್ ನಿಘಂಟು ಕೂಡ ಹೀಗೇ ದೇಣಿಗೆಯ ಮೇಲೆ ನಡೆಯುತ್ತದಾ?

ಓದುಗಿತ್ತಿ

ಇಲ್ಲ. ಅದು ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು. ಪ್ರಕಟ ಮಾಡುವವರು ಸಿಕ್ಕಿರಲಿಲ್ಲ. ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧಾದ ಕೈಲಾಶ್ ನಾಧ್ ಅದನ್ನು 2019ರಲ್ಲಿ ವೆಬ್‌ಗೆ ತಂದರು, ದತ್ತಾಂಶವನ್ನೂ ಮುಕ್ತವಾಗಿ ಬಿಟ್ಟರು. ಒಂದೂವರೆ ಲಕ್ಷದಷ್ಟು ಪದಗಳಿವೆ. ನಾನು ಅನುವಾದ ಮಾಡುವಾಗ ದಿನಾ ನೋಡುತ್ತೇನೆ.

ಬೆಂಕಿಗೋಡೆ

ಅಲ್ಲಿಂದಲೇ ಒಂದು ದಾರಿ ಇದೆ. ಅದೇ ಬೆಂಗಳೂರಿನ ಕಂಪನಿ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಶುರು ಮಾಡಿತು. ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್. ಆದರೆ ಒಂದು ಪ್ರಾಜೆಕ್ಟಿಗೆ ಕನಿಷ್ಠ 10,000 ಡಾಲರ್ ಅಂತ ಇದೆ, ದೊಡ್ಡ ಬಳಕೆ ಇರುವುದನ್ನು ನೋಡುತ್ತಾರೆ. ನಿಮ್ಮ ಅಳತೆಗೆ ಫಾಸ್ ಯುನೈಟೆಡ್ ಹೊಂದಬಹುದು, ಅವರೂ ಬೆಂಗಳೂರಿನವರೇ, ಇಲ್ಲಿನ ಪ್ರಾಜೆಕ್ಟುಗಳಿಗೆ ಅನುದಾನ ಕೊಡುತ್ತಾರೆ. ಅರ್ಜಿ ಹಾಕಿ ನೋಡಿ.

ನನ್ನ ಅಭಿಪ್ರಾಯ, ಮೊದಲು ಕೇಳಬೇಕಾದದ್ದು ದೊಡ್ಡವರನ್ನು. ಪತ್ರಿಕೆಗಳು, ಪ್ರಕಾಶಕರು, ಕಚೇರಿಗಳು. ಮೇಷ್ಟ್ರನ್ನಲ್ಲ.

ಅಂಚೆಪೆಟ್ಟಿಗೆ

ಇಲ್ಲಿ ನಿಮ್ಮ ಜೊತೆ ಜಗಳ ಇದೆ. ಒಬ್ಬ ದೊಡ್ಡವರ ಮೇಲೆ ನಿಂತರೆ ಅವರು ಕೈಬಿಟ್ಟ ದಿನ ನೆಲಕ್ಕೆ ಬೀಳುತ್ತೀರಿ. 3ಡಿ ಚಿತ್ರ, ಅನಿಮೇಷನ್ ಮಾಡುವ ಬ್ಲೆಂಡರ್ ನೋಡಿ. ಅದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿತು. ಹೂಡಿಕೆದಾರರು ಕೋಡ್ ಬಿಟ್ಟುಕೊಡಲು ಒಂದು ಲಕ್ಷ ಯೂರೋ ಕೇಳಿದರು. ಅದನ್ನು ಶುರು ಮಾಡಿದ ಟೋನ್ ರೋಸೆಂಡಾಲ್ 2002ರಲ್ಲಿ ಬಳಕೆದಾರರ ಮುಂದೆ ನಿಂತು ಕೇಳಿದರು. ಏಳು ವಾರದಲ್ಲಿ ಅಷ್ಟೂ ಸೇರಿತು! ಆಗ ಇವತ್ತಿನ ಹಾಗೆ ಸುಲಭದ ಪಾವತಿಯೂ ಇರಲಿಲ್ಲ. ದೊಡ್ಡ ಕಂಪನಿಗಳು ಅಲ್ಲಿಗೆ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ.

ಬೆಂಕಿಗೋಡೆ

ಎರಡೂ ಇರಲಿ ಬಿಡಿ. ಆದರೆ ಸಂಬಳಕ್ಕೆ ಕೆಲಸ ಮಾಡುವವರ ಕಚೇರಿ ಪುಕ್ಕಟೆ ಬಳಸಿ, ಮೇಷ್ಟ್ರು 50 ರೂಪಾಯಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಮೇಷ್ಟ್ರು_ಮೊಳಕಾಲ್ಮೂರು

ನಾನು ಮೇಷ್ಟ್ರೇ. ಪ್ರಶ್ನೆಪತ್ರಿಕೆಗಳಿಗೆ ಇದನ್ನು ಬಳಸುತ್ತೇನೆ. ನಮ್ಮನ್ನು ಕೇಳಬೇಡಿ ಅಂತ ನಮ್ಮ ಪರವಾಗಿ ನೀವು ತೀರ್ಮಾನ ಮಾಡಬೇಡಿ ಸರ್. 50 ರೂಪಾಯಿ ಕೊಡುವುದು ನನಗೆ ಖುಷಿ. ಈಗಷ್ಟೇ ಕಳಿಸಿದೆ.

ಕೋಡ್_ಕೊಟ್ಟಿಗೆ

ಎಲ್ಲ ಓದಿದೆ, ಕೆಲವನ್ನು ಎರಡು ಸಲ. ಜರ್ಮನಿಯಿಂದ ಬರೆದವರ ಅಪ್ಪನ ಕಥೆಯ ವಿಷಯ ಓದಿ ಹೆಂಡತಿಗೂ ತೋರಿಸಿದೆ.

ಹೀಗೆ ಮಾಡುತ್ತೇನೆ. ಫೈಲ್ ಡೌನ್‌ಲೋಡ್ ಆದ ಮೇಲೆ ಮಾತ್ರ ಸಂದೇಶ, ಒಬ್ಬರಿಗೆ ವರ್ಷಕ್ಕೆ ಒಂದೇ ಸಲ. ನವೆಂಬರ್ ತಿಂಗಳಿಗೆ ಇಡೋಣ ಅಂತಿದ್ದೇನೆ, ರಾಜ್ಯೋತ್ಸವದ ಹೊತ್ತು. ಆಪ್‌ನಲ್ಲಿ ಹಾಕುವುದಿಲ್ಲ. ಹೊರದೇಶದ ದಾರಿ ಸಿಎ ಹತ್ತಿರ ಕೇಳಿದ ಮೇಲೆ. ಭಾನುವಾರ ಮೇಲ್ ಇಲ್ಲ.

ಸಂದೇಶ ಹೀಗಿದೆ, ನೋಡಿ ಹೇಳಿ:

"ನಿಮ್ಮ ಫೈಲ್ ಸಿದ್ಧ ಇದೆ. ಈ ತಂತ್ರಾಂಶ ಎಲ್ಲರಿಗೂ ಮುಕ್ತ, ಮುಂದೆಯೂ ಹಾಗೇ ಇರುತ್ತದೆ. ನಡೆಸಲು ವರ್ಷಕ್ಕೆ 18,000 ರೂಪಾಯಿ ಬೇಕು. ಈ ವರ್ಷ ಇಲ್ಲಿಯವರೆಗೆ ಬಂದಿದ್ದು ಇಷ್ಟು. ಇದರಿಂದ ನಿಮ್ಮ ಕೆಲಸ ಹಗುರ ಆಗಿದ್ದರೆ 50 ರೂಪಾಯಿ ಕೊಡಿ. ಆಗದಿದ್ದರೆ ದಯವಿಟ್ಟು ಬೇಸರ ಮಾಡಿಕೊಳ್ಳದೆ ಬಳಸಿ, ನನಗೆ ಅದೂ ಸಂತೋಷವೇ. ಕ್ಷಮಿಸಿ."

ಓದುಗಿತ್ತಿ

ಕೊನೆಯ "ಕ್ಷಮಿಸಿ" ತೆಗೆಯಿರಿ.

ಟರ್ಮಿನಲ್_ತಿಮ್ಮ

ಹೌದು, ಅದು ಬೇಡ. ಉಳಿದದ್ದು ಚೆನ್ನಾಗಿದೆ. 18,000 ಸೇರಿದ ಮೇಲೆ ಸಂದೇಶ ತಾನೇ ನಿಲ್ಲುವ ಹಾಗೆ ಮಾಡಿದರೆ ಇನ್ನೂ ನಂಬಿಕೆ ಬರುತ್ತದೆ.

ಕೆರೆ_ಏರಿ

ನಿಲ್ಲಿಸಬೇಡಿ. 18,000 ಸರ್ವರ್‌ಗೆ. ಇಷ್ಟು ವರ್ಷದ ಭಾನುವಾರಗಳ ಲೆಕ್ಕ ಎಲ್ಲಿ?

ಗಿರಾಕಿ_ಗಿರಿನಗರ

ಈ ಸಂದೇಶಕ್ಕೆ ನನ್ನ ತಕರಾರು ಇಲ್ಲ. "ಆಗದಿದ್ದರೆ ಬೇಸರ ಮಾಡಿಕೊಳ್ಳದೆ" ಅನ್ನುವ ಸಾಲು ಹಾಗೇ ಇರಲಿ. ಸರ್ಕಾರವೂ ಕೊಡಬೇಕು ಅನ್ನುವ ಮಾತಿಗೆ ಮಾತ್ರ ನಾನು ಬದ್ಧ. ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಅಚ್ಚುಮೊಳೆ

500 ಕಳಿಸಿದ್ದೇನೆ ಅಣ್ಣ, ಸ್ಮರಣ ಸಂಚಿಕೆಯ ಪಾಲು. ಹಾಗೇ ಒಂದು ವಿಷಯ. "ರ‍್ಯಾಂಕ್" ಅಂತ ಇದ್ದದ್ದು ತಿರುಗಿಸಿದ ಮೇಲೆ ಅರ್ಕಾವತ್ತು ಆಗಿ "ರ್ಯಾಂಕ್" ಅಂತ ಬರುತ್ತಿದೆ. ಶಾಲೆಯವರ ಜಾಹೀರಾತಿನಲ್ಲಿ ಎಲ್ಲ ಕಡೆ ಕೈಯಿಂದ ತಿದ್ದಬೇಕಾಯಿತು. ಇವತ್ತು ಭಾನುವಾರ, ಸೋಮವಾರ ನೋಡಿ.

ಕೋಡ್_ಕೊಟ್ಟಿಗೆ

ಆ ಫೈಲ್ ಕಳಿಸಿಡಿ. ಸೋಮವಾರ ರಾತ್ರಿ ನೋಡುತ್ತೇನೆ.